ಸಹಾಯ ಬೇಕು: ದಾಲ್ಚಿನ್ನಿ ಎಲೆ ಎಣ್ಣೆ ನೀರಿನ ಜೊತೆ ಹೋಗ್ತಾ ಇದೆ

ನಮಸ್ಕಾರ. ಶಿರಸಿ ಹತ್ತಿರ 50 ಲೀಟರಿನ ಭಟ್ಟಿ. ನೆರಳಲ್ಲಿ ಒಣಗಿಸಿದ ಎಲೆ 6 ಕೆಜಿ, ಹಬೆ 3 ತಾಸು. 60 ಗ್ರಾಂ ಎಣ್ಣೆಯಾದರೂ ಬರಬೇಕಿತ್ತು, ಸಿಕ್ಕಿದ್ದು 20.

ಹೊಸಬರಿಗೆ ಒಂದು ಮಾತು: ಈ ಎಣ್ಣೆಯ ಮುಖ್ಯ ಅಂಶ ಯುಜೆನಾಲ್. ಅದೊಂದನ್ನೇ ಕುದಿಸಲು ಸುಮಾರು 254 ಡಿಗ್ರಿ ಬೇಕು. ಆದರೆ ನೀರು, ಎಣ್ಣೆ ಎರಡರ ಆವಿಯ ಒತ್ತಡ ಕೂಡಿ ವಾತಾವರಣದ ಒತ್ತಡಕ್ಕೆ ಸಮವಾದರೆ ಸಾಕು, 100ರ ಒಳಗೇ ಹಬೆಯ ಜೊತೆ ಏಳುತ್ತದೆ. ಹಾಗಾಗಿ ದೋಷ ಭಟ್ಟಿಯದ್ದಲ್ಲ, ಎಣ್ಣೆ ಬೇರ್ಪಡಿಸುವ ಪಾತ್ರೆಯದ್ದು. ಅದು ಮಜ್ಜಿಗೆ ಹುಲ್ಲಿನ ಎಣ್ಣೆಗೆ ಮಾಡಿಸಿದ್ದು. ಆ ಎಣ್ಣೆ ತೇಲುತ್ತದೆ, ನೀರು ಬುಡದ ಕೊಳವೆಯಿಂದ ಹೋಗುತ್ತದೆ. ದಾಲ್ಚಿನ್ನಿ ಎಲೆಯ ಎಣ್ಣೆ ನೀರಿಗಿಂತ ಭಾರ, ಮುಳುಗಿ ಅದೇ ಕೊಳವೆ ಹಿಡಿಯುತ್ತದೆ. ಹೊರಬಿದ್ದ ನೀರು ಹಾಲಿನ ಹಾಗೆ ಬೆಳ್ಳಗಿದೆ. ಗಾಜಿನ ಲೋಟದಲ್ಲಿ ರಾತ್ರಿಯಿಡೀ ಇಟ್ಟರೆ ತಳದಲ್ಲಿ ಕಂದು ಹನಿಗಳು.

ತಳ ಆಲಿಕೆಯಂತೆ ಚೂಪಾಗಿ, ಬುಡದಲ್ಲಿ ನಲ್ಲಿ, ನೀರಿಗೆ ಮೇಲೆ ದಾರಿ ಇರುವ 5 ಲೀಟರಿನ ಸ್ಟೀಲ್ ಪಾತ್ರೆಯನ್ನು ಶಿರಸಿ ಅಥವಾ ಕುಮಟೆಯಲ್ಲಿ ಯಾರು ಚೆನ್ನಾಗಿ ವೆಲ್ಡ್ ಮಾಡಿಕೊಡುತ್ತಾರೆ? ಕಬ್ಬಿಣ ಬೇಡವೇ ಬೇಡ, ಯುಜೆನಾಲ್ ತಾಗಿ ಎಣ್ಣೆ ಕಪ್ಪಾಗುತ್ತದೆ.

ಹಬೆ ತಣಿಸಿ ನೀರಾಗಿಸುವ ಕಂಡೆನ್ಸರಿನಿಂದ ನೀರು 50 ಡಿಗ್ರಿಯಲ್ಲಿ ಬರುತ್ತಿದೆ. ಸುರುಳಿ ಈಗ 4 ಮೀಟರ್. 35ಕ್ಕೆ ಇಳಿಸಲು ಎಷ್ಟು ಸೇರಿಸಬೇಕು? ಅಲ್ಲಿಯವರೆಗೆ ಬಿಳಿನೀರನ್ನು ಚೆಲ್ಲದೆ ಮತ್ತೆ ಭಟ್ಟಿಗೆ ಹಾಕುತ್ತಿದ್ದೇವೆ. ಎಷ್ಟು ಸಲ ಹಾಕಿದರೆ ಸುಟ್ಟ ವಾಸನೆ ಬರುವುದಿಲ್ಲ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.