ಮಾಹಿತಿಯ ‘ಮೌಲ್ಯಮಾಪನ’: ಮಕ್ಕಳಿಗೆ ಅರ್ಥವಾಗುವ ಬೇರೆ ಮಾತು ಇದೆಯಾ?

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಬರೆಯುತ್ತಿದ್ದೇನೆ. ಪ್ರೌಢಶಾಲೆ ಮಕ್ಕಳ ಪ್ರಾಜೆಕ್ಟ್‌ಗೆ ಅಂಕ ಕೊಡಲು ನಾವು ಕೆಲವು ಶಿಕ್ಷಕರು ಸೇರಿ ಒಂದು ಪಟ್ಟಿ ಮಾಡುತ್ತಿದ್ದೇವೆ. ಮಗು ಮಾಹಿತಿಯನ್ನು ಎಲ್ಲಿ ಹುಡುಕಿತು, ಯಾವುದನ್ನು ನಂಬಿತು, ಯಾಕೆ ನಂಬಿತು ಅನ್ನುವುದಕ್ಕೂ ಅಂಕ ಇರಬೇಕು ಎಂಬುದು ನಮ್ಮ ಆಸೆ. ಆ ಪಟ್ಟಿ ಒಂದು ಪದದ ಹತ್ತಿರ ಬಂದು ನಿಂತಿದೆ.

ಈ ಕೌಶಲಕ್ಕೆ ಇಂಗ್ಲಿಷಿನಲ್ಲಿರುವ ಇನ್ಫರ್ಮೇಶನ್ ಲಿಟರಸಿ ಎಂಬ ಮಾತನ್ನು 1974ರಲ್ಲಿ ಬಳಕೆಗೆ ತಂದವರು ಅಮೆರಿಕದ ಪಾಲ್ ಜುರ್ಕೋವ್‌ಸ್ಕಿ. 1989ರಲ್ಲಿ ಅಲ್ಲಿನ ಗ್ರಂಥಾಲಯ ಸಂಘ ಅದನ್ನು ಬಿಡಿಸಿ ಹೇಳಿತು. ಮಾಹಿತಿ ಯಾವಾಗ ಬೇಕು ಎಂದು ಗುರುತಿಸಬೇಕು, ಹುಡುಕಬೇಕು, ಅದು ಎಷ್ಟು ಗಟ್ಟಿ ಎಂದು ನೋಡಬೇಕು, ಆಮೇಲೆ ಸರಿಯಾಗಿ ಬಳಸಬೇಕು. ಕನ್ನಡದಲ್ಲಿ ಇದಕ್ಕೆ ‘ಮಾಹಿತಿ ಸಾಕ್ಷರತೆ’ ಎನ್ನುತ್ತಾರೆ. ಆ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ತೊಡಕಿರುವುದು ಮೂರನೆಯ ಹೆಜ್ಜೆಯಲ್ಲಿ.

ಅದಕ್ಕೆ ಬರಹಗಳಲ್ಲಿ ಸಿಗುವ ಪದ ‘ಮೌಲ್ಯಮಾಪನ’. ಆದರೆ ಶಾಲೆಯಲ್ಲಿ ಮೌಲ್ಯಮಾಪನ ಅಂದರೆ ಮೇಷ್ಟ್ರು ಮಾಡುವಂಥದ್ದು, ಅಲ್ವಾ? ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುವೆ ಮಾಡುವಂಥವು), ಎರಡು ಸಂಕಲನಾತ್ಮಕ (ಅವಧಿಯ ಕೊನೆಗೆ ಮಾಡುವಂಥವು). ಹತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದಲು ಹೋಗುವುದಕ್ಕೂ ಅದೇ ಮಾತು. ಹೀಗಾಗಿ ನಮ್ಮ ಪಟ್ಟಿಯಲ್ಲಿ ‘ಮಾಹಿತಿಯ ಮೌಲ್ಯಮಾಪನ ಮಾಡುವ ಸಾಮರ್ಥ್ಯದ ಮೌಲ್ಯಮಾಪನ’ ಎಂದು ಬರೆಯಬೇಕಾಗುತ್ತದೆ. ಇದನ್ನು ಎಂಟನೆಯ ತರಗತಿಯ ಮಗುವಿನ ಮುಂದೆ ಇಡುವುದು ಹೇಗೆ? ಯಾವುದಕ್ಕೆ ಅಂಕ ಅಂತ ಮಗುವಿಗೆ ಮೊದಲೇ ಗೊತ್ತಿರಬೇಕು.

ಸದ್ಯಕ್ಕೆ ಅದಕ್ಕೆ ಗೊತ್ತಿರುವುದು ‘ಮಾಹಿತಿ ಸಂಗ್ರಹಿಸಿ’ ಎಂಬ ಒಂದೇ ಸೂಚನೆ. ಹೇಳಿದ ಹಾಗೇ ಸಂಗ್ರಹಿಸುತ್ತದೆ. ಅಂಕೋಲೆಯ ಉಪ್ಪಿನ ಸತ್ಯಾಗ್ರಹ ಅಂತ ವಿಷಯ ಕೊಟ್ಟರೆ ದಂಡಿಯ ಚಿತ್ರ ಅಂಟಿಸಿದ ಹಾಳೆ ಬರುತ್ತದೆ. ಎರಡೂ 1930ರವೇ, ಎರಡರಲ್ಲೂ ಉಪ್ಪು. ಚಿತ್ರ ಗುಜರಾತಿನದೋ ನಮ್ಮ ಕರಾವಳಿಯದೋ ಎಂದು ನೋಡಲು ನಾವೂ ಹೇಳಿರುವುದಿಲ್ಲ. ಕೊನೆಗೆ ಅಂಕ ಹೋಗುವುದು ಅಂದದ ಅಕ್ಷರಕ್ಕೆ, ಬಣ್ಣದ ಅಂಚಿಗೆ. ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲೇ.

ಬೇರೆ ಪದಗಳನ್ನು ಇಟ್ಟು ನೋಡಿದೆವು. ‘ಪರಿಶೀಲನೆ’ ಅಂದರೆ ಕಚೇರಿಯಲ್ಲಿ ಕೂತ ಅರ್ಜಿ ನೆನಪಾಗುತ್ತದೆ. ‘ವಿಮರ್ಶೆ’ ಕತೆ-ಕವಿತೆಯ ಪಾಲಾಗಿದೆ. ನನಗೆ ತುಂಬ ಹಿಡಿಸಿದ್ದು ‘ತಾಳೆ ನೋಡುವುದು’. ಲೆಕ್ಕ ತಾಳೆ ನೋಡುವುದು ಅಂಗಡಿ, ಸೊಸೈಟಿ ಎಲ್ಲ ಕಡೆ ಇರುವ ಮಾತು. ಅಂಕ ಕೊಡಲೂ ಸುಲಭ. 1983ರಲ್ಲಿ ನಮ್ಮ ಶಿರಸಿ ಕಡೆಯ ಸಾಲ್ಕಣಿಯಲ್ಲಿ ಶುರುವಾದ, ಮರ ಅಪ್ಪಿಕೊಂಡು ಕಾಡು ಉಳಿಸುವ ಅಪ್ಪಿಕೋ ಚಳವಳಿಯ ಬಗ್ಗೆ ಮಗು ಇಂಟರ್ನೆಟ್ಟಿನಲ್ಲಿ ಒಂದು ಪುಟ ಓದಿತು ಅಂದುಕೊಳ್ಳಿ. ಆಮೇಲೆ ಆ ಕಾಲ ಕಂಡ ಊರಿನ ಹಿರಿಯರೊಬ್ಬರನ್ನು ಕೇಳಿತಾ? ಎರಡೂ ಕೂಡದಿದ್ದರೆ ಏನು ಮಾಡಿತು? ಇಷ್ಟನ್ನು ಹಾಳೆಯಲ್ಲೇ ಕಾಣಬಹುದು.

ಆದರೆ ತಾಳೆಯಾದದ್ದೆಲ್ಲ ನಿಜ ಅಲ್ಲ. ಒಂದೇ ತಪ್ಪನ್ನು ಹತ್ತು ಪುಟಗಳು ನಕಲು ಮಾಡಿರುತ್ತವೆ. ಅವು ಚೆನ್ನಾಗಿಯೇ ತಾಳೆಯಾಗುತ್ತವೆ. ಅಲ್ಲಿ ಬೇಕಿರುವುದು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು, ಹೇಳಿದ್ದರಿಂದ ಅವರಿಗೇನು ಲಾಭ ಎಂದು ನೋಡುವ ಕೆಲಸ. ನಮ್ಮ ಕಡೆ ಅಡಿಕೆ ಆರಿಸುವವರು ಚಾಲಿಯಿಂದ (ಒಣಗಿಸಿ ಸುಲಿದ ಅಡಿಕೆ) ಕೋಕಾ, ಬಿಳಿಗೋಟು ಎಂಬ ಕಡಿಮೆ ದರ್ಜೆಯವನ್ನು ಬೇರೆ ಮಾಡುವ ಹಾಗೆ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಬೇಕು. ‘ಆರಿಸುವುದು’ ಎಂದೇ ಬರೆಯೋಣ ಅಂದರೆ, ‘ಸರಿಯಾದ ಉತ್ತರ ಆರಿಸಿ ಬರೆಯಿರಿ’ ಎಂದು ಪ್ರಶ್ನೆಪತ್ರಿಕೆ ಆ ಪದವನ್ನು ಮೊದಲೇ ಬಳಸಿಕೊಂಡಿದೆ. ಮಗು ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವುದು ಅಂತಲೇ ತಿಳಿಯುತ್ತದೆ.

ಆ ಕೆಲಸಕ್ಕೆ ನಿಮ್ಮ ಕಡೆ ಯಾವ ಮಾತಿದೆ? ಕುಮಟಾ, ಹೊನ್ನಾವರ, ಕಾರವಾರದವರು ಮನೆಮಾತಿನಿಂದ ಹೇಳಿದರೂ ಆದೀತು. ಹವ್ಯಕವೋ ಹಾಲಕ್ಕಿಯೋ ಕೊಂಕಣಿಯೋ, ಯಾವುದಾದರೂ ಸರಿ. ಕ್ರಿಯಾಪದವಾದರೆ ಒಳ್ಳೆಯದು, ಮಗು ಮಾಡಬೇಕಾದ ಕೆಲಸ ಅದರಲ್ಲೇ ಕಾಣುತ್ತದೆ. ‘ಆಕರ’ದ ಬದಲು ‘ಇದು ಎಲ್ಲಿ ಸಿಕ್ಕಿತು?’ ಎಂದು ನಾವು ಬರೆದದ್ದೂ ಅದಕ್ಕೇ. ಪದದ ಜೊತೆ ಅದು ಬರುವ ಒಂದು ವಾಕ್ಯವನ್ನೂ ದಯವಿಟ್ಟು ಬರೆಯಿರಿ. ಅದನ್ನು ಮಕ್ಕಳಿಗೆ ಓದಿ ಹೇಳಿ, ಏನು ಅರ್ಥವಾಯಿತು ಎಂದು ಕೇಳಿ ನೋಡುತ್ತೇವೆ.