ಸಹಾಯ ಬೇಕು: ಸ್ಕೂಬಾ ಡೈವಿಂಗ್‌ನಲ್ಲಿ ಸಿಂಗಲ್ ಟ್ಯಾಂಕಿಗೂ ಡಬಲ್ ಟ್ಯಾಂಕಿಗೂ ಒಂದೇ ವಿಂಗ್ ಸಾಕಾ?

ಎಲ್ಲರಿಗೂ ನಮಸ್ಕಾರ. ನಾನು ನೇತ್ರಾಣಿ ದ್ವೀಪದ ಬಳಿ ಡೈವ್ ಮಾಡುವುದು 3 ಮಿ.ಮೀ. ವೆಟ್‌ಸೂಟ್, ಒಂದೇ ಅಲ್ಯೂಮಿನಿಯಂ ಟ್ಯಾಂಕಿನಲ್ಲಿ. ಅದಕ್ಕೆ 30 ಪೌಂಡ್ ಲಿಫ್ಟ್‌ನ (ನೀರಿನಲ್ಲಿ ಮೇಲೆತ್ತುವ ಶಕ್ತಿಯ) ವಿಂಗ್, ಅಂದರೆ ಬೆನ್ನ ಹಿಂದಿನ ಗಾಳಿಚೀಲ, ಧಾರಾಳ. ಮುಂದೆ ಟೆಕ್ನಿಕಲ್ ಡೈವಿಂಗ್ (ಇನ್ನೂ ಆಳಕ್ಕೆ, ಹೆಚ್ಚು ಹೊತ್ತು ಮಾಡುವ ಡೈವಿಂಗ್) ಕಲಿಯುವ ಆಸೆ ತುಂಬಾ ಇದೆ. ಆಗ ಡಬಲ್ ಟ್ಯಾಂಕ್. ಅವುಗಳೊಳಗಿನ ಗಾಳಿಯ ತೂಕವೇ 5 ಕೆ.ಜಿ. ದಾಟುತ್ತದೆ, ಹಾಗಾಗಿ ಲಿಫ್ಟ್ ಜಾಸ್ತಿ ಬೇಕು ಅಲ್ವಾ?

ಡಬಲ್‌ಗೆ ಮಾಡಿದ ಅಗಲ ವಿಂಗನ್ನು ಒಂದೇ ಟ್ಯಾಂಕಿಗೆ ಹಾಕಿದರೆ ಅಂಚುಗಳು ಟ್ಯಾಂಕನ್ನು ಸುತ್ತಿಕೊಳ್ಳುತ್ತವೆ. ಗಾಳಿ ಒಳಗೇ ಸಿಕ್ಕಿಕೊಂಡು ಹೊರಬಿಡುವುದು ಕಷ್ಟವಾಗುತ್ತದೆ. ಎರಡಕ್ಕೂ ಆಗುತ್ತದೆ ಅನ್ನುವ ವಿಂಗ್‌ಗಳೂ ಇವೆ, ನನಗೆ ಅವು ಅರೆಬರೆ ಅನಿಸುತ್ತವೆ. ಬ್ಯಾಕ್‌ಪ್ಲೇಟ್ (ಬೆನ್ನಿನ ಗಟ್ಟಿ ಹಲಗೆ), ಹಾರ್ನೆಸ್ (ಅದನ್ನು ಮೈಗೆ ಕಟ್ಟುವ ಪಟ್ಟಿ) ಒಂದೇ ಇಟ್ಟುಕೊಂಡು ವಿಂಗ್ ಮಾತ್ರ ಎರಡು ಕೊಳ್ಳುವುದು ಸರಿಯಾ? ವಿಂಗ್ ಡೋನಟ್‌ನಂತೆ ಪೂರ್ತಿ ಸುತ್ತಿನದ್ದೋ, ಲಾಳದ ಆಕಾರದ್ದೋ? ಎರಡನ್ನೂ ಬಳಸಿದವರು ದಯವಿಟ್ಟು ತಿಳಿಸಿ.