ಇಶಾಪುರದ ಹಳೇ ತ್ರೀ-ನಾಟ್-ತ್ರೀ: ಬ್ಯಾರೆಲ್ ಬದಲಿಸುವ ಮುಂಚೆ ಇಷ್ಟು ನೋಡಿ

ಮಡಿಕೇರಿ ಕಡೆಯವರು, ಈಗ ಟೆಕ್ಸಾಸ್‌ನಲ್ಲಿದ್ದೇನೆ ಎಂದಿದ್ದೀರಿ. ಪಕ್ಕದ ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಮಗ ಒಂದು ಹಳೇ .303 (ತ್ರೀ-ನಾಟ್-ತ್ರೀ) ಬೋಲ್ಟ್ ಆಕ್ಷನ್ ರೈಫಲ್, ಅಂದರೆ ಕೈಯಿಂದ ಬೋಲ್ಟ್ ಎಳೆದು ತಳ್ಳಿ ತೋಟಾ ತುಂಬುವಂಥದ್ದು, ನಿಮಗೆ ಕೊಡುತ್ತೇನೆ ಅಂದಿದ್ದಾರೆ. ಬೋಲ್ಟ್ ಹಿಡಿಯ ಕೆಳಗಿನ ಕಬ್ಬಿಣದ ಪಟ್ಟಿಯ ಮೇಲೆ ಕಿರೀಟ, ಜಿ.ಆರ್.ಐ., ಇಶಾಪುರ್, 1942 ಎಂದಿದೆ. ಬ್ಯಾರೆಲ್ ಒಳಗೆಲ್ಲ ಕಪ್ಪು. ನೂರು ಗಜದಲ್ಲಿ ಗುಂಡು ಊಟದ ತಟ್ಟೆಯಷ್ಟು ಅಗಲ ಚದುರುತ್ತಿದೆ. ಹೊಸ ಬ್ಯಾರೆಲ್ ಹಾಕಿಸಬೇಕಾ, ಹಾಕಿಸುವುದಾದರೆ 7.62 ಎಂ.ಎಂ. ತೋಟಾದ್ದು ಹಾಕಿಸಬಹುದಾ ಅನ್ನುವುದು ನಿಮ್ಮ ಪ್ರಶ್ನೆ.

ಎಲ್ಲಕ್ಕಿಂತ ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಗ್ರೀನ್ ಕಾರ್ಡ್ ಇದ್ದರೆ ತೊಂದರೆ ಇಲ್ಲ. ಎಚ್-1ಬಿ ತರಹದ ವೀಸಾದಲ್ಲಿ ಇರುವವರು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ, ಇನ್ನು ಕೆಲವರಿಗೆ ಮಾತ್ರ ವಿನಾಯಿತಿ ಇದೆ. ಊರಲ್ಲಿ ಕೋವಿ ಮನೆಯವರ ಹಾಗೆ ಗೋಡೆ ಮೇಲೆ ಇರುತ್ತಿತ್ತು ಅಂತ ಇಲ್ಲೂ ಹಾಗೇ ತಂದಿಡಬೇಡಿ. ನಮ್ಮವರು ಎಡವುವುದು ಇಲ್ಲೇ ಜಾಸ್ತಿ.

ಇನ್ನು ಗುರುತು. ನೀವು ಹೇಳಿದ್ದನ್ನು ನೋಡಿದರೆ ಅದು ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ರೈಫಲ್‌ನ ಎಸ್.ಎಂ.ಎಲ್.ಇ. ಮಾದರಿ, ಬಹುಶಃ ಮಾರ್ಕ್ 3 ಸ್ಟಾರ್. ಕಿರೀಟದ ಕೆಳಗೆ ಬರೀ ಜಿ.ಆರ್. (ರಾಜ ಜಾರ್ಜ್) ಇಲ್ಲದೆ ಜಿ.ಆರ್.ಐ. (ರಾಜ, ಚಕ್ರವರ್ತಿ ಜಾರ್ಜ್) ಇರುವುದು ಇಶಾಪುರದ ಬ್ರಿಟಿಷ್ ಕಾಲದ ಮಾಲಿಗೆ ಹೊಂದುತ್ತದೆ. ಕೋಲ್ಕತ್ತಾ ಹತ್ತಿರದ ಆ ಕಾರ್ಖಾನೆಯ ಸ್ವಾತಂತ್ರ್ಯಾನಂತರದ ರೈಫಲ್‌ಗಳ ಮೇಲೆ ಅಶೋಕನ ಸಿಂಹ, ಆರ್.ಎಫ್.ಐ. (ರೈಫಲ್ ಫ್ಯಾಕ್ಟರಿ ಇಶಾಪುರ್) ಎಂದಿರುತ್ತದೆ. ಇಸವಿ ಕೆಳಗಿನ ಸಾಲನ್ನು ಟಾರ್ಚ್ ಅಡ್ಡ ಹಿಡಿದು ಓದಿ. III ಪಕ್ಕ ನಕ್ಷತ್ರ ಇದ್ದರೆ ಮೊದಲ ಮಹಾಯುದ್ಧದಲ್ಲಿ ಬೇಗ ತಯಾರಿಸಲು ಸರಳ ಮಾಡಿದ ಮಾದರಿ.

ಡಿ.ಪಿ. ಅಂತ ಎಲ್ಲಾದರೂ ಗುದ್ದಿದ್ದರೆ ಅದು ಕವಾಯತಿಗೆ ಇಟ್ಟದ್ದು, ಹೊಡೆಯಲು ಅಲ್ಲ. ಇ.ವೈ. ಇದ್ದರೂ ಕೈ ಹಿಂದೆ ತೆಗೆಯಿರಿ. ಮುಂಭಾಗದ ಮರಕ್ಕೆ ತಂತಿ ಸುತ್ತಿದ್ದರೆ ಅದು ಗ್ರೆನೇಡ್ ಉಡಾಯಿಸಲು ಸಿದ್ಧಮಾಡಿದ್ದು, ತುಂಬಾ ದಣಿದಿರಬಹುದು. ಬ್ಯಾರೆಲ್ ಒಳಗೆ ಗುಂಡನ್ನು ತಿರುಗಿಸುವ ಗೆರೆಗಳೇ ಇಲ್ಲದೆ ನುಣ್ಣಗಿದ್ದರೆ ಅದು ಪೊಲೀಸರಿಗೆಂದು .410 ಮಸ್ಕೆಟ್ ಮಾಡಿದ್ದು. ಅದರ ಕಥೆಯೇ ಬೇರೆ.

ಬ್ಯಾರೆಲ್ ವಿಷಯಕ್ಕೆ ಬರೋಣ. ಒಳಗೆ ಕಪ್ಪಗಿದ್ದ ಮಾತ್ರಕ್ಕೆ ಅದು ಸತ್ತಿದೆ ಎಂದಲ್ಲ. ನನ್ನ ಬಳಿ ಇರುವ ಕೆನಡಾದ ಲಾಂಗ್ ಬ್ರಾಂಚ್ ಕಾರ್ಖಾನೆಯ ನಂಬರ್ 4 (ಲೀ-ಎನ್‌ಫೀಲ್ಡ್‌ನ ನಂತರದ ಮಾದರಿ) ಬಂದಾಗ ಹೊಗೆಕೊಳವೆ ನೋಡಿದ ಹಾಗಿತ್ತು. ತಾಮ್ರ ಕರಗಿಸುವ ದ್ರಾವಣ ಹಾಕಿ, ಒಂದಷ್ಟು ಹೊತ್ತು ಬಿಟ್ಟು ಬಟ್ಟೆ ಎಳೆದರೆ ನೀಲಿ-ಹಸಿರು ಬಣ್ಣ ಬರುತ್ತಲೇ ಇತ್ತು. ಬಟ್ಟೆ ಬೆಳ್ಳಗೆ ಬರುವ ತನಕ ಬಿಡಲಿಲ್ಲ. ಕೊನೆಗೆ ಗೆರೆಗಳ ಅಂಚು ಚೂಪಾಗಿ ಕಂಡವು. ಅಲ್ಲಲ್ಲಿ ಸಣ್ಣ ಗುಳಿ ಉಳಿದಿವೆ, ಆದರೂ ಚೆನ್ನಾಗಿ ಹೊಡೆಯುತ್ತದೆ.

ಆಮೇಲೆ ಮೂತಿ ನೋಡಿ. ಮದ್ದು, ಕ್ಯಾಪ್ ಎರಡೂ ಇಲ್ಲದ ಡಮ್ಮಿ ತೋಟಾ ತೆಗೆದುಕೊಂಡು ಗುಂಡಿನ ತುದಿಯನ್ನು ಬ್ಯಾರೆಲ್ ಬಾಯಿಗೆ ಇಡಿ. ಗುಂಡು ಒಂದಿಷ್ಟು ಹೊರಗೇ ನಿಂತರೆ ಒಳ್ಳೆಯದು. ಹಿತ್ತಾಳೆಯ ಕತ್ತಿನ ತನಕ ಇಳಿದುಬಿಟ್ಟರೆ ಮೂತಿ ಸವೆದಿದೆ. ಸಿಪಾಯಿಗಳು ಹಗ್ಗ ಎಳೆದೆಳೆದು ಒರೆಸುತ್ತಿದ್ದರಲ್ವಾ, ಹಗ್ಗ ಒಂದೇ ಕಡೆ ಉಜ್ಜಿ ಹಾಗಾಗಿರುತ್ತದೆ.

ಮೂತಿ ಚೆನ್ನಾಗಿದ್ದೂ ಗುಂಡು ಚದುರಿದರೆ ನನ್ನ ಅನುಮಾನ ಮರದ ಮೇಲೆ. ಈ ರೈಫಲ್‌ನ ಬ್ಯಾರೆಲ್ ತೆಳ್ಳಗೆ, ಮೂತಿಯ ತನಕ ಮರ ಅದನ್ನು ಅಪ್ಪಿಕೊಂಡಿರುತ್ತದೆ. ಮರ ಒಣಗಿ ಕುಗ್ಗಿದರೆ ಎಲ್ಲ ಸಡಿಲ. ಓಹಾಯೋದಲ್ಲಿರುವ ನಮ್ಮ ಧಾರವಾಡದ ಗೆಳೆಯರೊಬ್ಬರು ಬ್ಯಾರೆಲ್ ಬದಲಿಸಲು ಹಣ ಎತ್ತಿಟ್ಟಿದ್ದರು. ಬಿಚ್ಚಿ ನೋಡಿದರೆ ಆಕ್ಷನ್ನಿನ (ಬೋಲ್ಟ್ ಕೂರುವ ಉಕ್ಕಿನ ಭಾಗ) ಒದೆತವನ್ನು ಮರ ತಾಳುವ ಜಾಗದಲ್ಲಿ, ಟ್ರಿಗರ್ ಹತ್ತಿರ, ಮರ ಜಜ್ಜಿಹೋಗಿತ್ತು. ಅಲ್ಲಿಗೆ ಗಟ್ಟಿ ಮರದ ತುಂಡು ಕೂರಿಸಿದರು. ಹಳೇ ಬ್ಯಾರೆಲ್ಲೇ ಈಗ ನೆಟ್ಟಗೆ ಹೊಡೆಯುತ್ತಿದೆ. ಹಾಗೇ ಬಿಟ್ಟಿದ್ದರೆ ಮರ ಸೀಳುತ್ತಿತ್ತು.

ಬೋಲ್ಟ್ ಮೇಲಿನ ನಂಬರ್, ಆಕ್ಷನ್ ಮೇಲಿನ ನಂಬರ್ ಒಂದೇನಾ ನೋಡಿ. ಬೇರೆ ಇದ್ದರೆ ಹೆಡ್‌ಸ್ಪೇಸ್ (ಬೋಲ್ಟ್ ಮುಚ್ಚಿದಾಗ ತೋಟಾಕ್ಕೆ ಸಿಗುವ ಜಾಗ) ಅಳೆಸದೆ ಒಂದೂ ಗುಂಡು ಹೊಡೆಯಬೇಡಿ. .303 ತೋಟಾಕ್ಕೆ ಹಿಂದೆ ಅಂಚು ಇದೆ. ಅಂಚಿಗೆ ಸಿಗುವ ಜಾಗವೇ ಇಲ್ಲಿ ಅಳತೆ. ಮಿಲಿಟರಿ ಲೆಕ್ಕದಲ್ಲಿ .064 ಇಂಚಿನ ಗೇಜ್ (ಅಳತೆಯ ತುಂಡು) ಮೇಲೆ ಬೋಲ್ಟ್ ಮುಚ್ಚಬೇಕು, .074 ಮೇಲೆ ಮುಚ್ಚಬಾರದು. ಜಾಗ ಜಾಸ್ತಿಯಾದರೆ ತೋಟಾದ ಹಿತ್ತಾಳೆ ಹಿಗ್ಗಿ ಬುಡದಲ್ಲೇ ಕಡಿಯುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಬ್ಯಾರೆಲ್ ಹೋಗಿದೆ ಅಂದರೆ ಬದಲಿಸಿ, ಆದರೆ .303ಗೇ. 7.62 ಬೇಡವೇ ಬೇಡ. ಇಶಾಪುರದವರು 1960ರ ದಶಕದಲ್ಲಿ 7.62ರ 2ಎ, 2ಎ1 ಅನ್ನುವ ರೈಫಲ್ ಮಾಡಿದ್ದು ನಿಜ. ಆದರೆ ಅವು ಹಳೇ ರೈಫಲ್‌ಗೆ ಬ್ಯಾರೆಲ್ ಮಾತ್ರ ಬದಲಿಸಿದವಲ್ಲ. ಬೇರೆ ಉಕ್ಕಿನಲ್ಲಿ ಹೊಸದಾಗಿ ಮಾಡಿದವು. 7.62ರ ಒತ್ತಡ .303ಗಿಂತ ಜಾಸ್ತಿ. 1942ರ ಆಕ್ಷನ್ ಅದಕ್ಕೆಂದು ಮಾಡಿದ್ದಲ್ಲ. ಮುಖದ ಹತ್ತಿರ ಇರುವ ವಸ್ತು ಇದು, ದಯವಿಟ್ಟು ಪ್ರಯೋಗ ಮಾಡಬೇಡಿ. ನಂಬರ್ 4ರ ಬ್ಯಾರೆಲ್ ಕೂಡ ಇದಕ್ಕೆ ಕೂರುವುದಿಲ್ಲ.

ಕೆಲಸವನ್ನು ಎನ್‌ಫೀಲ್ಡ್ ಗೊತ್ತಿರುವ ಗನ್‌ಸ್ಮಿತ್‌ಗೇ ಕೊಡಿ. ಈ ಬ್ಯಾರೆಲ್‌ಗಳನ್ನು ವಿಪರೀತ ಬಿಗಿದಿರುತ್ತಾರೆ. ಆಕ್ಷನ್ನಿನ ಮುಂಭಾಗವನ್ನು ಪೂರ್ತಿ ಹಿಡಿಯುವ ಪಾನಾ ಇಲ್ಲದೆ ತಿರುಗಿಸಿದರೆ ಬ್ಯಾರೆಲ್ ಬದಲು ಆಕ್ಷನ್ನೇ ತಿರುಚಿಕೊಳ್ಳುತ್ತದೆ. ಹೊಸದನ್ನು ಬಿಗಿಯುವಾಗಲೂ ಬಿಗಿ ಬರುವುದು, ಮುಂದಿನ ಸೈಟ್ ನೆಟ್ಟಗೆ ನಿಲ್ಲುವುದು ಒಟ್ಟಿಗೇ ಆಗಬೇಕು. ಆಮೇಲೆ ಹೆಡ್‌ಸ್ಪೇಸ್ ಮತ್ತೆ ಅಳೆಯಬೇಕು. ‘ಮಾಡಿಬಿಡ್ತೀನಿ’ ಅನ್ನುವವರಿಗೆ ಮೊದಲು ಅವರ ಪಾನಾ, ಗೇಜ್ ತೋರಿಸಿ ಅನ್ನಿ. ಬಿಚ್ಚಿದ ಹಳೇ ಬ್ಯಾರೆಲ್ ಕೇಳಿ ವಾಪಸ್ ತಗೊಳ್ಳಿ, ಅದರ ಮೇಲೂ ನಂಬರ್ ಇರುತ್ತದೆ.

ಊರಿಗೆ ಒಯ್ಯುವ ಆಸೆ ಇದ್ದರೆ ಬಿಡಿ. ಭಾರತದಲ್ಲಿ .303 ಸಾಮಾನ್ಯರಿಗೆ ನಿಷೇಧಿತ ಬೋರ್ (ನಳಿಗೆಯ ಅಳತೆ). ಅದಕ್ಕೇ ಅಲ್ಲಿ ಲೈಸೆನ್ಸ್‌ದಾರರ ಕೈಯಲ್ಲಿ .315 ಕಾಣುವುದು.

ಬೋಲ್ಟ್ ನಂಬರ್ ಹೊಂದುತ್ತದಾ, ಡಮ್ಮಿ ತೋಟಾ ಎಲ್ಲಿ ತನಕ ಇಳಿಯಿತು, ಎರಡನ್ನೂ ತಿಳಿಸಿ. ಮರ ಬಿಚ್ಚಿದರೆ ಟ್ರಿಗರ್ ಹತ್ತಿರದ ಜಾಗದ ಫೋಟೋ ಹಾಕಿ, ಆ ಧಾರವಾಡದ ಗೆಳೆಯರನ್ನೂ ಕೇಳಿ ಹೇಳುತ್ತೇನೆ.